ಟ್ರಂಕಿನಲ್ಲಿರುವ ಮನೆತನದ ಫೋಟೊಗಳಿಂದ ಡಿಜಿಟಲ್ ಸ್ಕ್ರ್ಯಾಪ್‌ಬುಕ್: ಎಲ್ಲಿಂದ ಆರಂಭಿಸಬೇಕು?

ಹಳೆಟ್ರಂಕು (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಕೆಳಗಿಳಿಸಿದೆವು. ಅದರಲ್ಲಿ ಮೂರು ಆಲ್ಬಮ್‌ಗಳು, ಲಕೋಟೆಗಳಲ್ಲಿ ತುಂಬಿಟ್ಟ ಬಿಡಿ ಫೋಟೊಗಳು, ನಾಲ್ಕು ಲಗ್ನಪತ್ರಿಕೆಗಳು ಮತ್ತು ನಮ್ಮ ಯಜಮಾನರ ಮುತ್ಯಾ ಬರೆದಿಟ್ಟ ಒಂದು ಲೆಕ್ಕದ ಪುಸ್ತಕ ಸಿಕ್ಕವು. ಚಿತ್ರಗಳು ಎಣಿಕೆಗೆ ಆರುನೂರಕ್ಕಿಂತ ಹೆಚ್ಚಿವೆ. ಇಲ್ಲಿನ ಬೇಸಿಗೆಯಲ್ಲಿ ಮಾಳಿಗೆಯ ಕೆಳಗಿನ ಆ ಅಟ್ಟ ಎಷ್ಟು ಕಾಯುತ್ತದೆಂಬುದು ನಿಮಗೆಲ್ಲ ಗೊತ್ತೇ ಇದೆ; ಕೆಲವು ಫೋಟೊಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಣ್ಣದವು ಕೆಂಪಾಗಿವೆ, ಕಪ್ಪುಬಿಳುಪಿನವು ಮಾತ್ರ ಆಶ್ಚರ್ಯವೆನ್ನುವಂತೆ ಚೆನ್ನಾಗಿ ಉಳಿದಿವೆ.

ನಮ್ಮ ಅತ್ತೆಯವರಿಗೆ ಈಗ ಎಂಬತ್ತೊಂದು ವರ್ಷ. ಇವುಗಳನ್ನೆಲ್ಲ ಸೇರಿಸಿ ಡಿಜಿಟಲ್ ಸ್ಕ್ರ್ಯಾಪ್‌ಬುಕ್ (ಫೋಟೊ, ಬರಹ, ಚಿತ್ತಾರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದ ಪುಸ್ತಕ) ಮಾಡಿ, ಮುದ್ರಿಸಿ, ಅವರ ಕೈಗೆ ಕೊಡಬೇಕೆಂಬುದು ನನ್ನ ಆಸೆ. ನನಗೆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬರುತ್ತದೆ, ಅದಕ್ಕಿಂತ ಹೆಚ್ಚಿನದೇನೂ ಬರುವುದಿಲ್ಲ. ಮೊದಲು ಸ್ಕ್ಯಾನರ್ ಕೊಳ್ಳಬೇಕೇ, ತಂತ್ರಾಂಶ ಕಲಿಯಬೇಕೇ ಅಥವಾ ಎಲ್ಲವನ್ನೂ ಒಂದು ಸ್ಟುಡಿಯೊಗೆ ಒಪ್ಪಿಸಿಬಿಡಬೇಕೇ ಎಂದು ತಿಳಿದವರು ಹೇಳಬೇಕು.

ಬಿದರಿಬೂಟಿ (ಬೀದರ್):

ಅಕ್ಕಾವ್ರೇ, ಸ್ಕ್ಯಾನರನ್ನೂ ಕೊಳ್ಳಬೇಡಿ, ತಂತ್ರಾಂಶವನ್ನೂ ಇಳಿಸಿಕೊಳ್ಳಬೇಡಿ. ಮೊದಲು ಅತ್ತೆಯವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊಬೈಲಿನ ಧ್ವನಿಮುದ್ರಣವನ್ನು ಆರಂಭಿಸಿ, ಒಂದೊಂದೇ ಫೋಟೊ ಅವರ ಕೈಗೆ ಕೊಟ್ಟು, ಅದರ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಅವರು ಹೇಳುವುದನ್ನು ತಡೆಯದೆ ಕೇಳಿ. ಸ್ಕ್ಯಾನನ್ನು ಮುಂದಿನ ವರ್ಷವೂ ಮಾಡಬಹುದು. ಮೂರನೆಯ ಸಾಲಿನಲ್ಲಿ ಎಡಗಡೆ ನಿಂತ ಹುಡುಗ ಯಾರೆಂದು ಹೇಳುವವರು ಮುಂದಿನ ವರ್ಷ ಅದೇ ನೆನಪಿನಲ್ಲಿ ಇರುತ್ತಾರೆಂದು ಹೇಳಲಾಗದು. ನಾನು ನನ್ನ ತಂದೆಯವರ ವಿಷಯದಲ್ಲಿ ಇದನ್ನು ಹಿಂದುಮುಂದು ಮಾಡಿದೆ. ಈಗ ನನ್ನ ಬಳಿ ಬಹಳ ಸ್ಪಷ್ಟವಾಗಿ ಸ್ಕ್ಯಾನ್ ಆದ, ಹೆಸರೇ ಇಲ್ಲದ ಇನ್ನೂರು ಮುಖಗಳಿವೆ.

ಎರಡನೆಯ ಮಾತು. ಆರುನೂರು ಚಿತ್ರಗಳ ಪುಸ್ತಕ ಯಾವತ್ತೂ ಮುಗಿಯುವುದಿಲ್ಲ. ಒಬ್ಬ ವ್ಯಕ್ತಿ, ಒಂದು ಮನೆ ಅಥವಾ ಒಂದು ಹಬ್ಬವನ್ನು ಆರಿಸಿಕೊಂಡು, ಇಪ್ಪತ್ತು ಇಪ್ಪತ್ತನಾಲ್ಕು ಪುಟಗಳಲ್ಲಿ ನಲವತ್ತೈವತ್ತು ಚಿತ್ರಗಳ ಚಿಕ್ಕ ಪುಸ್ತಕವನ್ನು ಮೊದಲು ಮುಗಿಸಿ. ನಾವು ಮಾಡಿದ್ದು ಎಳ್ಳಮಾವಾಸ್ಯೆಯ ಪುಸ್ತಕ. ಪ್ರತಿ ವರ್ಷ ಚರಗ (ಭೂತಾಯಿಗೆ ನೈವೇದ್ಯ) ಚೆಲ್ಲಲು ಅದೇ ಹೊಲ, ಅದೇ ಬೇವಿನ ಗಿಡ, ಅದೇ ಭಜ್ಜಿ ಮತ್ತು ಅಂಬಲಿಯ ಗಡಿಗೆಗಳು ಇರುತ್ತವೆ. ಸುತ್ತ ಕುಳಿತವರು ಮಾತ್ರ ಬದಲಾಗುತ್ತಾ ಹೋಗುತ್ತಾರೆ. ಒಂದೇ ಜಾಗದ ಹನ್ನೊಂದು ವರ್ಷಗಳ ಚಿತ್ರಗಳನ್ನು ಸಾಲಾಗಿ ಇಟ್ಟಾಗ ನಮಗೆ ಬೇರೆ ಅಲಂಕಾರದ ಅಗತ್ಯವೇ ಕಾಣಲಿಲ್ಲ.

ಭೀಮಾತೀರ (ಯಾದಗಿರಿ):

ನಾನು ಸ್ಟುಡಿಯೊ ನಡೆಸುವವನು, ಹೀಗಾಗಿ ಕೆಲಸದ ಮಾತನ್ನು ಹೇಳುತ್ತೇನೆ. ಬಿದರಿಬೂಟಿಯವರ ಸಲಹೆ ಸರಿಯಾದದ್ದೇ, ಆದರೆ ಅಂಟಿಕೊಂಡಿರುವ ಫೋಟೊಗಳ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಪ್ಲಾಸ್ಟಿಕ್ ಹಾಳೆ ಎತ್ತಿ ಗೋಂದಿನ ಪುಟದ ಮೇಲೆ ಒತ್ತುವ ಆಲ್ಬಮ್‌ಗಳು ಒಂದು ಕಾಲದಲ್ಲಿ ಬಹಳ ಮಾರಾಟವಾದವು. ವರ್ಷಗಳು ಕಳೆದಂತೆ ಆ ಗೋಂದು ಹಳದಿಯಾಗಿ ಫೋಟೊವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಉಗುರಿನಿಂದ ಕೀಳಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ, ಹಲ್ಲುಸಂದಿಯನ್ನು ತಿಕ್ಕುವ ಮೇಣದ ದಾರವನ್ನು ಫೋಟೊದ ಹಿಂದೆ ತೂರಿಸಿ ಗರಗಸದಂತೆ ನಿಧಾನವಾಗಿ ಎಳೆದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಪುಟದ ಮೇಲೆ ಇದ್ದಂತೆಯೇ ಸ್ಕ್ಯಾನ್ ಮಾಡಿ. ಚೌಕಟ್ಟಿನ ಗಾಜಿಗೇ ಅಂಟಿದ ಫೋಟೊ ಇದ್ದರೆ ಗಾಜಿನ ಸಮೇತವೇ ಸ್ಕ್ಯಾನ್ ಮಾಡಬೇಕು, ಎಳೆದರೆ ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ.

ಸ್ಕ್ಯಾನಿನ ಲೆಕ್ಕ ಸುಲಭವಾದದ್ದು. ಮುದ್ರಣಕ್ಕೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು. 4×6 ಇಂಚಿನ ಫೋಟೊವನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್ ಸಿಗುತ್ತದೆ, ಅಂದರೆ ಅದನ್ನು 8×12 ಇಂಚಿನವರೆಗೆ ಹಿಗ್ಗಿಸಬಹುದು. ಪಾಸ್‌ಪೋರ್ಟ್ ಅಳತೆಯ ಫೋಟೊಗೆ 1200 ಡಿಪಿಐ ಇಡಿ. ಅದಕ್ಕಿಂತ ಹೆಚ್ಚು ಇಟ್ಟರೆ ಕಾಗದದ ನಾರು ಮತ್ತು ಧೂಳು ದೊಡ್ಡದಾಗಿ ಕಾಣುತ್ತವೆಯೇ ಹೊರತು ಚಿತ್ರದಲ್ಲಿ ಇಲ್ಲದ ವಿವರ ಬರುವುದಿಲ್ಲ. ಕಪ್ಪುಬಿಳುಪಿನ ಫೋಟೊವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಲೆಗಳನ್ನು ತೆಗೆಯುವಾಗ ಅದು ನೆರವಿಗೆ ಬರುತ್ತದೆ. ಮೂಲ ಕಡತವನ್ನು ಗುಣ ಸವೆಯದ ಟಿಫ್ ರೂಪದಲ್ಲಿ ಇಟ್ಟುಕೊಂಡು, ಪುಸ್ತಕದ ಕೆಲಸಕ್ಕೆ ಅದರ ಜೆಪೆಗ್ ಪ್ರತಿಯನ್ನು ಬಳಸಿ, ಏಕೆಂದರೆ ಜೆಪೆಗ್ ಕಡತವನ್ನು ತಿದ್ದಿ ಉಳಿಸಿದಷ್ಟು ಸಲವೂ ಅದು ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲೇ ಸಾಕು. ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ಒಂದೇ ಫೋಟೊವನ್ನು ಬೇರೆ ಬೇರೆ ಕೋನಗಳಿಂದ ತೆಗೆಸಿ, ಹೊಳಪಿನ ಕಲೆಯನ್ನು ಕಳೆದು ಜೋಡಿಸಿಕೊಡುತ್ತದೆ. ಬೆಳಗಿನ ಹೊತ್ತು ಬಿಸಿಲು ನೇರವಾಗಿ ಬೀಳದ ಪಡಸಾಲೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಫೋಟೊ ಇಟ್ಟು ತೆಗೆಯಿರಿ. ಆ ಕಲ್ಲಿನ ಬೂದು ಬಣ್ಣ ಫೋಟೊದ ಮೇಲೆ ಬೇರೆ ಛಾಯೆ ಬೀಳಿಸುವುದಿಲ್ಲ. ಕೆಂಪು ಚಾಪೆಯ ಮೇಲೆ ಇಟ್ಟು ತೆಗೆದವರ ಫೋಟೊಗಳನ್ನು ಸರಿಪಡಿಸಿ ಸಾಕಾಗಿದೆ.

ಲೆಕ್ಕಪತ್ರ (ಕಲಬುರಗಿ):

ನಾನು ಕಂದಾಯ ಇಲಾಖೆಯಿಂದ ನಿವೃತ್ತನಾದವನು. ಫೋಟೊಶಾಸ್ತ್ರ ನನಗೆ ಬಾರದು, ಆದರೆ ಹಳೆಯ ಕಾಗದದ ಕಾಲವನ್ನು ಗುರುತಿಸುವ ಅಭ್ಯಾಸವಿದೆ. ನಮ್ಮ ಭಾಗದ ಫೋಟೊಗಳ ಬೆನ್ನಿನ ಮೇಲೆ ಉರ್ದುವಿನಲ್ಲಿ ಏನಾದರೂ ಬರೆದಿದ್ದರೆ, ತಿಳಿಯಲಿಲ್ಲವೆಂದು ಬಿಡದೆ ಓದಿಸಿರಿ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷಗಣನೆ) ಬಳಕೆಯಲ್ಲಿತ್ತು, ಅದಕ್ಕೆ 590 ಅಥವಾ 591 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1352 ಎಂದಿದ್ದರೆ ಅದು 1942ರ ಅಕ್ಟೋಬರಿನಿಂದ 1943ರ ಅಕ್ಟೋಬರಿನವರೆಗಿನ ವರ್ಷ. ಆ ವರ್ಷದ ಮೊದಲ ಮೂರು ತಿಂಗಳುಗಳಾದ ಆಜುರ್, ದೈ, ಬಹಮನ್ ಇದ್ದರೆ 590, ಅನಂತರದವುಗಳಿಗೆ ಸಾಮಾನ್ಯವಾಗಿ 591 ಕೂಡಿಸಬೇಕು.

ಲಗ್ನಪತ್ರಿಕೆಯಲ್ಲಿ ಸಂವತ್ಸರದ ಹೆಸರಷ್ಟೇ ಇರುವುದುಂಟು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಊಹೆಗೆ ಅವಕಾಶ ಕಡಿಮೆ: ಕ್ರೋಧಿ ಎಂದರೆ 1964-65 ಅಥವಾ 2024-25, ವಿಶ್ವಾವಸು ಎಂದರೆ 1965-66 ಅಥವಾ 2025-26. ಸ್ಟುಡಿಯೊದ ಮೊಹರನ್ನೂ ನೋಡಿರಿ. ಅದರಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಮೊಹರು 1972ರ ಆಗಸ್ಟ್ 15ರ ನಂತರದ್ದು, ಏಕೆಂದರೆ ಅದಕ್ಕಿಂತ ಮೊದಲು ಪಿನ್ ಪದ್ಧತಿಯೇ ಇರಲಿಲ್ಲ. ಮೈಸೂರು ರಾಜ್ಯವೆಂದಿದ್ದರೆ 1956ರ ನವೆಂಬರ್ 1ರಿಂದ 1973ರ ನವೆಂಬರ್ 1ರ ನಡುವಿನದೆಂದು ತಿಳಿಯಬಹುದು, ಅಂಗಡಿಯವರು ಹಳೆಯ ಮೊಹರನ್ನೇ ಮುಂದುವರಿಸಿದ್ದರೆ ಮಾತು ಬೇರೆ. ಫೋಟೊದ ಮೂಲೆಯಲ್ಲಿ ಕ್ಯಾಮೆರಾ ತಾನೇ ಮೂಡಿಸಿದ ಕಿತ್ತಳೆ ಬಣ್ಣದ ದಿನಾಂಕವನ್ನು ಮಾತ್ರ ನಂಬಬೇಡಿ. ನಮ್ಮ ಮನೆಯ ಕ್ಯಾಮೆರಾದಲ್ಲಿ ಸೆಲ್ ಬದಲಿಸಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿತ್ತು, ಮೊಮ್ಮಗ ಹುಟ್ಟುವ ಮೊದಲೇ ಅವನ ಜಾವಳದ ಫೋಟೊ ಬಂದಿತ್ತು.

ಪುಸ್ತಕದಲ್ಲಿ ಊರಿನ ಹೆಸರನ್ನು ಆ ಕಾಲಕ್ಕೆ ತಕ್ಕಂತೆ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಊರು ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. 1980ರ ಫೋಟೊದ ಕೆಳಗೆ ‘ಯಾದಗಿರಿ ಜಿಲ್ಲೆ’ ಎಂದು ಬರೆದರೆ ಮೊಮ್ಮಕ್ಕಳಿಗೆ ತಪ್ಪು ತಿಳಿವಳಿಕೆಯಾಗುತ್ತದೆ.

ಹಳೆಟ್ರಂಕು (ಕಲಬುರಗಿ):

ಲೆಕ್ಕಪತ್ರ ಸರ್, ನಿಮ್ಮ ಬರಹ ಓದಿದ ತಕ್ಷಣ ಲಗ್ನಪತ್ರಿಕೆಗಳನ್ನು ತೆಗೆದು ನೋಡಿದೆ. ಅತ್ತೆಯವರ ಮದುವೆಯ ಪತ್ರಿಕೆಯಲ್ಲಿ ಕ್ರೋಧಿನಾಮ ಸಂವತ್ಸರ, ವೈಶಾಖ ಮಾಸ ಎಂದಿದೆ. ತಮ್ಮ ಮದುವೆ ಅರವತ್ತಾರರಲ್ಲಿ ಆಯಿತೆಂದು ಅವರು ಇಷ್ಟು ದಿನ ಹೇಳುತ್ತಿದ್ದರು. 1964ರ ಬೇಸಿಗೆ ಎಂದು ತೋರಿಸಿದಾಗ, ‘ಹಂಗಾದ್ರ ನಾ ಇನ್ನೂ ಸಣ್ಣಾಕಿ ಇದ್ದೆ’ ಎಂದು ಬಹಳ ಹೊತ್ತು ನಕ್ಕರು. ಪುಸ್ತಕದ ವಿಷಯ ಈಗ ನಿಶ್ಚಯವಾಯಿತು: ಅತ್ತೆಯವರು ಈ ಮನೆಗೆ ಬಂದ ದಿನದಿಂದ ಮೊದಲ ಮಗು ಹುಟ್ಟಿದವರೆಗಿನ ನಾಲ್ಕು ವರ್ಷಗಳು, ನಲವತ್ತೆರಡು ಚಿತ್ರಗಳು.

ಇನ್ನು ಪುಟ ಜೋಡಿಸುವುದಕ್ಕೆ ಯಾವ ತಂತ್ರಾಂಶ ಒಳ್ಳೆಯದು ಮತ್ತು ಅದರಲ್ಲಿ ಕನ್ನಡ ಅಕ್ಷರಗಳು ಸರಿಯಾಗಿ ಬರುತ್ತವೆಯೇ ಎಂಬುದನ್ನು ತಿಳಿಸಿರಿ.

ಭೀಮಾತೀರ (ಯಾದಗಿರಿ):

ಹೊಸಬರಿಗೆ ಕ್ಯಾನ್ವಾ ಸುಲಭ. ಕಂಪ್ಯೂಟರಿನಲ್ಲಿ ಕೂತು ಮಾಡುವವರಿಗೆ ಸ್ಕ್ರೈಬಸ್ ಮತ್ತು ಇಂಕ್‌ಸ್ಕೇಪ್ ಉಚಿತವಾಗಿ ಸಿಗುತ್ತವೆ, ಆದರೆ ಕಲಿಯಲು ತಾಳ್ಮೆ ಬೇಕು. ನಾವು ಸ್ಟುಡಿಯೊದವರು ಫೋಟೋಶಾಪಿನಲ್ಲೇ ಮಾಡುತ್ತೇವೆ. ಅದರಲ್ಲಿ ಅಕ್ಷರಗಳ ಆಯ್ಕೆಯಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಹಾಕದಿದ್ದರೆ ಒತ್ತಕ್ಷರಗಳು ಕಿತ್ತುಹೋಗಿ, ‘ಅಜ್ಜ’ ಎಂಬುದು ‘ಅಜ್‌ಜ’ ಎಂದು ಮೂಡುತ್ತದೆ. ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಮಾತುಗಳಿದ್ದರೆ ಮೊದಲು ಈಗಿನ ತಂತ್ರಾಂಶಗಳು ಓದುವ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಫಾಂಟು ನೋಟೊ ಸೆರಿಫ್ ಕನ್ನಡ ಇರಲಿ. ಶೀರ್ಷಿಕೆಗೆ ಬೇಕಿದ್ದರೆ ಬಾಲೂ ತಮ್ಮ ಬಳಸಿ. ಎರಡಕ್ಕಿಂತ ಹೆಚ್ಚು ಫಾಂಟು ಬೇಡ, ಮತ್ತು ಅತ್ತೆಯವರು ಓದಬೇಕಾದ ಪುಸ್ತಕವಾದ್ದರಿಂದ ಅಕ್ಷರದ ಅಳತೆ 14ಕ್ಕಿಂತ ಕಡಿಮೆಯಾಗದಿರಲಿ.

ಪುಟದ ಅಳತೆಯನ್ನು ಮುದ್ರಿಸುವವರನ್ನು ಕೇಳಿಕೊಂಡೇ ಮೊದಲ ಪುಟಕ್ಕೆ ಕೈಹಾಕಬೇಕು. ಮದುವೆಯ ಕರಿಜ್ಮಾ ಆಲ್ಬಮ್ 12×36 ಇಂಚಿನ ಜೋಡಿಪುಟದ ಅಳತೆಯಲ್ಲಿ ಬರುತ್ತದೆ, ಸ್ಕ್ರ್ಯಾಪ್‌ಬುಕ್ ಮಾಡುವವರು ಸಾಮಾನ್ಯವಾಗಿ 12×12 ಇಂಚಿನ ಚೌಕ ಪುಟ ಆರಿಸಿಕೊಳ್ಳುತ್ತಾರೆ. ಅದಕ್ಕೆ 3600×3600 ಪಿಕ್ಸೆಲ್ ಬೇಕು. ಅದರ ಸುತ್ತ ಕತ್ತರಿಸಿ ಹೋಗುವ ಅಂಚಿಗಾಗಿ 3 ಮಿಲಿಮೀಟರ್ ಹೆಚ್ಚಿಗೆ ಬಿಡಿ, ಒಳಗಡೆ ಅರ್ಧ ಇಂಚಿನಷ್ಟು ಜಾಗದಲ್ಲಿ ಮುಖವನ್ನಾಗಲಿ ಅಕ್ಷರವನ್ನಾಗಲಿ ಇಡಬೇಡಿ. ಎರಡು ಪುಟಗಳ ನಡುವಿನ ಮಡಿಕೆಯ ಮೇಲೆ ಗುಂಪು ಫೋಟೊ ಹಾಕುವಾಗ ಆ ಮಡಿಕೆ ಯಾರ ಮೂಗಿನ ಮೇಲೆ ಹಾಯುತ್ತದೆ ಎಂದು ನೋಡಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಸಂಬಂಧಿಕರಿಂದ ಫೋಟೊ ತರಿಸಿಕೊಳ್ಳುವಾಗ ವಾಟ್ಸ್ಆ್ಯಪಿನಲ್ಲಿ ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಫೋಟೊ ಎಂದೇ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಪುಟದ ತುಂಬ ಮುದ್ರಿಸಿದಾಗ ಮಸುಕಾಗುತ್ತದೆ.

ಸಜ್ಜಿರೊಟ್ಟಿ (ಬೀದರ್, ಸದ್ಯ ಹೈದರಾಬಾದ್):

ಇಷ್ಟೆಲ್ಲ ಕಷ್ಟ ಏಕೆ? ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಕಪ್ಪುಬಿಳುಪಿನ ಚಿತ್ರಕ್ಕೆ ನಿಮಿಷದಲ್ಲಿ ಬಣ್ಣ ತುಂಬುತ್ತವೆ, ಮಸುಕಾದ ಮುಖವನ್ನು ಸ್ಪಷ್ಟಗೊಳಿಸುತ್ತವೆ. ನಾನು ನಮ್ಮ ಆಯಿಯ ಫೋಟೊಗೆ ಹೀಗೆ ಮಾಡಿಸಿದೆ, ಮನೆಯ ಗುಂಪಿನಲ್ಲಿ ಎಲ್ಲರೂ ಮೆಚ್ಚಿಕೊಂಡರು.

ಬಿದರಿಬೂಟಿ (ಬೀದರ್):

ತಮ್ಮಾ, ಆಯಿಯ ಸೀರೆಗೆ ಆ್ಯಪು ಯಾವ ಬಣ್ಣ ತುಂಬಿತು? ನಮ್ಮ ಅವ್ವನ ಫೋಟೊಗೂ ನಾನು ಹಾಗೆಯೇ ಮಾಡಿ ನೋಡಿದ್ದೆ. ಅದು ಇಳಕಲ್ ಸೀರೆಗೆ ನೀಲಿ ಬಣ್ಣ ಹಚ್ಚಿತು, ಅವ್ವ ನೋಡಿ, ‘ಅದು ದಾಳಿಂಬ್ರ ಬಣ್ಣದ ಸೀರಿ, ನಮ್ಮಪ್ಪ ತಂದಿದ್ದು’ ಎಂದಳು. ಯಂತ್ರಕ್ಕೆ ಸೀರೆಯ ಬಣ್ಣ ಗೊತ್ತಿರುವುದಿಲ್ಲ, ಅದು ಊಹಿಸುತ್ತದೆ. ಮುಖವನ್ನು ಸ್ಪಷ್ಟಗೊಳಿಸುವಾಗಲೂ ಹಾಗೆಯೇ. ಇಲ್ಲದ ಹುಬ್ಬನ್ನು, ಇಲ್ಲದ ಹಲ್ಲಿನ ಸಾಲನ್ನು ಬರೆಯುತ್ತದೆ. ಗೀರು ಮತ್ತು ಧೂಳನ್ನು ತೆಗೆಯಲು ಬಳಸಿದರೆ ನನ್ನ ತಕರಾರಿಲ್ಲ. ಬಣ್ಣ ತುಂಬಲೇಬೇಕೆಂದಿದ್ದರೆ ಪಕ್ಕದಲ್ಲಿ ಮೂಲಚಿತ್ರವನ್ನೂ ಇಟ್ಟು, ಬಣ್ಣ ಈಗ ತುಂಬಿದ್ದೆಂದು ಕೆಳಗೆ ಬರೆಯಬೇಕು.

ಅಲಂಕಾರದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಸ್ಕ್ರ್ಯಾಪ್‌ಬುಕ್ ಕಿಟ್‌ಗಳಲ್ಲಿ ಗುಲಾಬಿ ರಿಬ್ಬನ್ನು, ಮೇಪಲ್ ಎಲೆ, ಹಿಮದ ಹರಳು ಇರುತ್ತವೆ. ಔರಾದಿನ ಕಪ್ಪು ಮಣ್ಣಿನ ಹೊಲದಲ್ಲಿ ನಿಂತ ನಮ್ಮ ಕಾಕಾನ ಫೋಟೊದ ಸುತ್ತ ಹಿಮದ ಹರಳು ಏಕೆ ಬೇಕು? ನಾನು ಮನೆಯಲ್ಲಿದ್ದ ಬಿದರಿ ತಟ್ಟೆಯನ್ನು ಕಿಟಕಿಯ ಬಳಿ ಇಟ್ಟು, ಬೆಳ್ಳಿಯ ಹೊಳಪು ಕಣ್ಣು ಕುಕ್ಕದಂತೆ ಕಿಟಕಿಗೆ ಬಿಳಿ ಧೋತರ ಕಟ್ಟಿ, ಮೇಲಿನಿಂದ ಫೋಟೊ ತೆಗೆದೆ. ಕಪ್ಪು ಹಿನ್ನೆಲೆಯನ್ನು ಅಳಿಸಿ ಬೂಟಿಯನ್ನಷ್ಟೇ ಪಾರದರ್ಶಕ ಪಿಎನ್‌ಜಿ ಕಡತವಾಗಿ ಉಳಿಸಿಕೊಂಡೆ. ಅದೇ ಈಗ ನಮ್ಮ ಎಲ್ಲ ಪುಟಗಳ ಮೂಲೆಯ ಚಿತ್ತಾರ. ಸತುವು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪಾಗಿಸುವ ಕೆಲಸವಾದ್ದರಿಂದ ಬೆಳ್ಳಿಯ ಗೆರೆ ಕಪ್ಪಿನಿಂದ ತಾನಾಗಿಯೇ ಬೇರ್ಪಡುತ್ತದೆ, ಅಳಿಸಲು ಹೆಚ್ಚು ಶ್ರಮವಿಲ್ಲ.

ಅಕ್ಕಾವ್ರೇ, ನಿಮ್ಮ ಮನೆಯಲ್ಲಿ ಅತ್ತೆಯವರು ಹೊಲಿದ ಕೌದಿ ಇರಬಹುದು. ಅದನ್ನು ಹಾಸಿ ಫೋಟೊ ತೆಗೆದು ಒಳಹೊದಿಕೆಯ ಪುಟಕ್ಕೆ ಹಾಕಿರಿ. ಯಾರ ಯಾರ ಹಳೆಯ ಸೀರೆ, ಅಂಗಿಗಳ ತುಂಡುಗಳು ಅದರಲ್ಲಿವೆಯೆಂದು ಅವರೇ ಹೇಳಬಲ್ಲರು.

ಭೀಮಾತೀರ (ಯಾದಗಿರಿ):

ನನ್ನ ಗಿರಾಕಿಗಳಲ್ಲಿ ಹಿಮದ ಹರಳನ್ನೇ ಕೇಳಿ ಹಾಕಿಸಿಕೊಳ್ಳುವವರೂ ಇದ್ದಾರೆ, ಅವರ ಸಂತೋಷವನ್ನು ನಾವು ಹೀಗಳೆಯಬಾರದು. ಆದರೆ ಒಂದು ಪುಟಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಫೋಟೊ ಬೇಡವೆಂಬುದನ್ನೂ, ಅವುಗಳಲ್ಲಿ ಒಂದು ದೊಡ್ಡದಾಗಿರಬೇಕೆಂಬುದನ್ನೂ ನಾನು ಎಲ್ಲರಿಗೂ ಹೇಳುತ್ತೇನೆ.

ಸಜ್ಜಿರೊಟ್ಟಿ (ಬೀದರ್, ಸದ್ಯ ಹೈದರಾಬಾದ್):

ಬಣ್ಣದ ವಿಷಯವನ್ನು ಒಪ್ಪಿಕೊಂಡೆ, ಅಣ್ಣಾವ್ರೇ. ಆಯಿಯನ್ನು ಈಗ ಕೇಳಲು ಸಾಧ್ಯವಿಲ್ಲ, ಹೀಗಾಗಿ ಕಪ್ಪುಬಿಳುಪಿನದನ್ನೇ ಇಟ್ಟುಕೊಳ್ಳುತ್ತೇನೆ. ಕಡತಗಳನ್ನು ಕಾಪಾಡುವ ಬಗ್ಗೆ ಮಾತ್ರ ನನ್ನ ಮಾತು ಕೇಳಿ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವುದು 15 ಜಿಬಿ ಮಾತ್ರ, ಅದರಲ್ಲಿ ಇಮೇಲೂ ಸೇರಿದೆ. ಟಿಫ್ ಕಡತಗಳಿಂದ ಅದು ಬೇಗ ತುಂಬುತ್ತದೆ. ಹಾರ್ಡ್ ಡಿಸ್ಕಿನ ಒಂದು ಪ್ರತಿಯನ್ನು ಊರಾಚೆ ಇರುವ ಯಾರಾದರೂ ಸಂಬಂಧಿಕರ ಮನೆಯಲ್ಲಿ ಇಡಿ. ಕಡತದ ಹೆಸರಿನಲ್ಲಿ ಇಸವಿಯನ್ನು ಮೊದಲು ಬರೆಯಿರಿ, ಉದಾಹರಣೆಗೆ ‘1964-05-ಮದುವೆ-012’, ಆಗ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಸ್ಕ್ಯಾನ್ ಆದ ಕಡತದೊಳಗೆ ಇಂದಿನ ದಿನಾಂಕ ಕೂತಿರುತ್ತದೆ. ಗೂಗಲ್ ಫೋಟೋಸಿನಲ್ಲಿ ಅದನ್ನು ತಿದ್ದದಿದ್ದರೆ ಅತ್ತೆಯವರ ಮದುವೆ ಮೊನ್ನೆಯ ಮಂಗಳವಾರ ಆದಂತೆ ಕಾಣುತ್ತದೆ.

ಹಳೆಟ್ರಂಕು (ಕಲಬುರಗಿ):

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಪುಸ್ತಕದ ಮೊದಲ ಪ್ರತಿ ಕೈಗೆ ಬಂದಿದೆ, ಆದರೆ ಅದು ಸುಲಭವಾಗಿ ಬರಲಿಲ್ಲ.

ಧ್ವನಿಮುದ್ರಣವೇ ಹನ್ನೆರಡು ದಿನ ನಡೆಯಿತು, ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಅತ್ತೆಯವರನ್ನು ಕೂರಿಸಲಿಲ್ಲ. ಮದುವೆಯ ಗುಂಪು ಫೋಟೊದಲ್ಲಿ ಇಪ್ಪತ್ತೇಳು ಜನರಿದ್ದಾರೆ. ಇಪ್ಪತ್ತನಾಲ್ಕು ಹೆಸರುಗಳು ಸಿಕ್ಕವು. ಕಪ್ಪುಬಿಳುಪಿನ ಫೋಟೊಗಳ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ ಸಂಖ್ಯೆ ಬರೆದೆ, ನುಣುಪಾದ ಬಣ್ಣದ ಫೋಟೊಗಳ ಮೇಲೆ ಪೆನ್ಸಿಲ್ ಹತ್ತಲಿಲ್ಲವಾದ್ದರಿಂದ ಅವುಗಳನ್ನು ಒಂದೊಂದೇ ಕಾಗದದ ಲಕೋಟೆಗೆ ಹಾಕಿ ಲಕೋಟೆಯ ಮೇಲೆ ಬರೆದೆ. ಚಿತ್ರದ ಕೆಳಗಿನ ಮಾತುಗಳನ್ನು ಅತ್ತೆಯವರ ಬಾಯಿಯಿಂದ ಬಂದಂತೆಯೇ ಇಟ್ಟಿದ್ದೇನೆ. ಶರಣಬಸವೇಶ್ವರರ ಜಾತ್ರೆಯಲ್ಲಿ ತೆಗೆಸಿದ ಒಂದು ಫೋಟೊ ಇದೆ, ಪರದೆಯ ಮೇಲೆ ಬಿಡಿಸಿದ ಕಾರಿನ ಹಿಂದೆ ಅತ್ತೆ ಮಾವ ಇಬ್ಬರೂ ಕುಳಿತಿದ್ದಾರೆ. ನಾನು ಅದಕ್ಕೆ ‘ಜಾತ್ರೆಯ ಸಂಭ್ರಮ’ ಎಂದು ಬರೆದಿದ್ದೆ. ಅವರು ಹೇಳಿದ್ದು ಹೀಗೆ: ‘ಫೋಟೊ ತಗಸೋಣು ಅಂದೆ, ರೊಕ್ಕ ಇಲ್ಲ ಅಂದ್ರು. ಬಳಿ ಇಡಿಸಿಕೊಳ್ಳೋ ರೊಕ್ಕದಾಗ ಫೋಟೊ ತಗಸಿದೆ. ಅದಕ್ಕೇ ಕೈ ಕೆಳಗ ಮಾಡೀನಿ.’ ನನ್ನ ಶೀರ್ಷಿಕೆಯನ್ನು ಅಳಿಸಿ ಈ ಮಾತನ್ನೇ ಹಾಕಿದೆ, ಆ ಪುಟದಲ್ಲಿ ಬೇರೆ ಯಾವ ಚಿತ್ತಾರವನ್ನೂ ಇಡಲಿಲ್ಲ.

ಮುದ್ರಣಕ್ಕೆ ಕೊಟ್ಟಾಗ ತೊಂದರೆಯಾಯಿತು. ಬೇರೆ ಊರಿನ ಒಂದು ಲ್ಯಾಬಿನವರು ತಿದ್ದಲು ಬರುವ ಕಡತವನ್ನೇ ಕೇಳಿದರು, ನಾನೂ ಕೊಟ್ಟೆ. ಅವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟು ಇರಲಿಲ್ಲವೆಂದು ಕಾಣುತ್ತದೆ, ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಅರ್ಕಾವೊತ್ತು ಎಲ್ಲೋ ಹೋಗಿ ಇಪ್ಪತ್ತನಾಲ್ಕು ಪುಟಗಳೂ ಹಾಗೆಯೇ ಮುದ್ರಣವಾಗಿ ಬಂದವು. ಹಣವನ್ನು ಮರಳಿಸಲಿಲ್ಲ. ಎರಡನೆಯ ಸಲ ಬೇರೆಯವರಿಗೆ ಕೊಡುವಾಗ ಪ್ರತಿ ಪುಟವನ್ನೂ 300 ಡಿಪಿಐನ ಚಿತ್ರವಾಗಿ ಮಾಡಿಯೇ ಕಳಿಸಿದೆ, ಅಕ್ಷರಗಳೂ ಚಿತ್ರದ ಭಾಗವಾಗಿದ್ದರಿಂದ ಏನೂ ಕದಲಲಿಲ್ಲ. ಇನ್ನೊಂದು ತಪ್ಪು ಪೂರ್ತಿ ನನ್ನದೇ: ಭೀಮಾತೀರ ಸರ್ ಎಚ್ಚರಿಸಿದ್ದರೂ ಗುಂಪು ಫೋಟೊದ ಮಡಿಕೆ ನಮ್ಮ ದೊಡ್ಡ ಕಾಕಾನವರ ಮುಖದ ಮೇಲೆಯೇ ಬಿದ್ದಿದೆ.

ಭೀಮಾತೀರ (ಯಾದಗಿರಿ):

ಪುಟಗಳನ್ನು ಚಿತ್ರವಾಗಿ ಕಳಿಸಿದ್ದು ಒಳ್ಳೆಯದಾಯಿತು. ಫಾಂಟು ಒಳಸೇರಿಸಿದ ಪಿಡಿಎಫ್ ಕೊಟ್ಟರೂ ನಡೆಯುತ್ತದೆ, ಅಕ್ಷರಗಳು ಇನ್ನೂ ಚೂಪಾಗಿ ಬರುತ್ತವೆ. ಉಳಿದ ಪ್ರತಿಗಳನ್ನು ಈಗಲೇ ಮುದ್ರಿಸಬೇಡಿ. ಒಂದನ್ನು ಮನೆಮಂದಿ ಎಲ್ಲರೂ ನೋಡಲಿ.

ಹಳೆಟ್ರಂಕು (ಕಲಬುರಗಿ):

ಹಾಗೆಯೇ ಮಾಡಿದೆ, ಸರ್. ಕಳೆದ ಭಾನುವಾರ ಆಳಂದದಿಂದ ನಮ್ಮ ನಾದಿನಿಯರೂ ಚಿತ್ತಾಪುರದಿಂದ ಅತ್ತೆಯವರ ತಂಗಿಯೂ ಬಂದಿದ್ದರು. ಪುಸ್ತಕದೊಂದಿಗೆ ಒಂದು ಪೆನ್ಸಿಲ್ ಇಟ್ಟು, ತಪ್ಪಿದ್ದಲ್ಲಿ ಪುಟದ ಮೇಲೆಯೇ ಬರೆಯಿರಿ ಎಂದೆ. ಸಂಜೆಯ ಹೊತ್ತಿಗೆ ಏಳು ತಿದ್ದುಪಡಿಗಳಾಗಿದ್ದವು. ಹೆಸರು ಸಿಗದ ಮೂವರಲ್ಲಿ ಇಬ್ಬರನ್ನು ಅತ್ತೆಯವರ ತಂಗಿ ಗುರುತಿಸಿದರು. ಒಬ್ಬರ ವಿಷಯದಲ್ಲಿ ಅಕ್ಕತಂಗಿಯರಿಗೆ ಒಮ್ಮತವಾಗಲಿಲ್ಲ. ಒಬ್ಬರು ಸೋದರಮಾವನ ಮಗನೆನ್ನುತ್ತಾರೆ, ಇನ್ನೊಬ್ಬರು ಪೆಟ್ಟಿಗೆ ಹೊರಲು ಬಂದ ಹುಡುಗನೆನ್ನುತ್ತಾರೆ. ಎರಡನ್ನೂ ಬರೆದು, ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಹಾಕಿದ್ದೇನೆ. ಮಡಿಕೆಯಲ್ಲಿ ಸಿಕ್ಕ ಕಾಕಾನವರನ್ನು ಎಡಗಡೆಯ ಪುಟಕ್ಕೆ ಸರಿಸಿ, ಉಳಿದ ಐದು ಪ್ರತಿಗಳನ್ನು ನಿನ್ನೆ ಮುದ್ರಣಕ್ಕೆ ಕಳಿಸಿದೆ.